ಬ್ರೌಸರಿನ ನವೀಕರಣ: ಸುರಕ್ಷತೆ ಮತ್ತು ಸೌಲಭ್ಯಗಳನ್ನು ತೂಗಿ ನೋಡುವ ಬಗೆ

1. ಪ್ರಸ್ತಾವನೆ

ಯೆಣೆಗೂರ ಉಮರ್ಗಾ ತಾಲೂಕಿನ ಊರು. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಅದರ ಮೂಲಕ ಹಾದುಹೋಗುತ್ತದೆ. ಉಮರ್ಗಾ, ನಿಲಂಗಾ, ಉದಗೀರಗಳ ಈ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದು, ರಾಜ್ಯಗಳ ಪುನರ್ವಿಂಗಡಣೆಯ ಸಮಯದಲ್ಲಿ ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಇಂಥ ಗಡಿಭಾಗದಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರು ಒಂದೇ ದಿನದಲ್ಲಿ ಮೂರು ಭಾಷೆಗಳ ಜಾಲಪುಟಗಳನ್ನು ತೆರೆಯಬೇಕಾಗುತ್ತದೆ. ಪಾಠಕ್ಕಾಗಿ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ, ಆಡಳಿತಕ್ಕಾಗಿ ಮರಾಠಿಯ ಶಾಸನ ನಿರ್ಣಯ, ವಿದ್ಯಾರ್ಥಿಗಳ ಮಾಹಿತಿ ತುಂಬಲು ಇಂಗ್ಲಿಷಿನ ಯು-ಡೈಸ್ ಪ್ಲಸ್. ಈ ಮೂರಕ್ಕೂ ಇರುವ ಬಾಗಿಲು ಒಂದೇ, ಅದು ಬ್ರೌಸರ್.

ಆ ಬಾಗಿಲಿನ ಮೂಲೆಯಲ್ಲಿ ಆಗಾಗ ಒಂದು ಸೂಚನೆ ಕಾಣಿಸಿಕೊಳ್ಳುತ್ತದೆ: ಹೊಸ ಆವೃತ್ತಿ ಲಭ್ಯವಿದೆ, ನವೀಕರಿಸಿ. ಹಲವರು ‘ನಂತರ’ ಎಂಬ ಗುಂಡಿಯನ್ನು ಒತ್ತಿ ಕೆಲಸ ಮುಂದುವರಿಸುತ್ತಾರೆ. ಇದು ಕೇವಲ ಆಲಸ್ಯದಿಂದ ಆಗುವುದಲ್ಲ. ಹಿಂದೊಮ್ಮೆ ನವೀಕರಿಸಿದ ಮರುದಿನ ಒಂದು ಅರ್ಜಿ ತೆರೆಯದೆ ಹೋಗಿರಬಹುದು, ಮಕ್ಕಳಿಗೆ ತೋರಿಸುತ್ತಿದ್ದ ಪಾಠ ಮಾಯವಾಗಿರಬಹುದು. ಇನ್ನೊಂದು ಕಡೆ, ನವೀಕರಿಸದ ಬ್ರೌಸರಿನಿಂದ ಖಾತೆಯ ಹಣವೋ ಮಕ್ಕಳ ಮಾಹಿತಿಯೋ ಕಳುವಾದೀತೆಂಬ ಎಚ್ಚರಿಕೆಯೂ ಕೇಳಿಬರುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬಂಥ ಸ್ಥಿತಿ ಇದು. ಎರಡೂ ಭಯಗಳಿಗೆ ಆಧಾರವಿದೆ. ಅವುಗಳನ್ನು ತೂಗಿ ನೋಡುವ ಕ್ರಮವನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

2. ನವೀಕರಣದಲ್ಲಿ ಏನಿರುತ್ತದೆ?

ಬ್ರೌಸರ್ ಜಾಲಪುಟವನ್ನು ತೋರಿಸುವ ಕಿಟಕಿ ಮಾತ್ರವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಅಪರಿಚಿತರು ಬರೆದ ಆದೇಶಗಳನ್ನು ತರಿಸಿಕೊಂಡು ನಮ್ಮ ಯಂತ್ರದ ಮೇಲೆ ನಡೆಸುವ ದೊಡ್ಡ ತಂತ್ರಾಂಶ. ಚಿತ್ರ ಬಿಡಿಸುವುದು, ಅಕ್ಷರ ಜೋಡಿಸುವುದು, ಧ್ವನಿ ನುಡಿಸುವುದು, ಗುಪ್ತಪದ ನೆನಪಿಡುವುದು, ಬ್ಯಾಂಕಿನೊಂದಿಗೆ ಗೂಢಲಿಪಿಯಲ್ಲಿ ಮಾತನಾಡುವುದು ಎಲ್ಲವೂ ಅದರ ಕೆಲಸ. ಇಷ್ಟು ದೊಡ್ಡ ತಂತ್ರಾಂಶದಲ್ಲಿ ದೋಷಗಳು ಉಳಿದಿರುವುದು ಅನಿವಾರ್ಯ. ಅವುಗಳಲ್ಲಿ ಕೆಲವು ಅಪಾಯಕಾರಿ. ದುರುದ್ದೇಶದಿಂದ ರಚಿಸಿದ ಪುಟವೊಂದನ್ನು ತೆರೆದ ಮಾತ್ರಕ್ಕೆ, ಏನನ್ನೂ ಒತ್ತದಿದ್ದರೂ, ಆ ದೋಷದ ಮೂಲಕ ಯಂತ್ರದೊಳಗೆ ನುಸುಳಲು ದಾರಿಯಾಗಬಹುದು.

ನವೀಕರಣದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವಸ್ತುಗಳಿರುತ್ತವೆ. ಮೊದಲನೆಯದು ದುರಸ್ತಿ, ಅಂದರೆ ಪತ್ತೆಯಾದ ದೋಷಕ್ಕೆ ಹಾಕಿದ ತೇಪೆ. ಎರಡನೆಯದು ಬದಲಾವಣೆ, ಅಂದರೆ ಹೊಸ ಸೌಲಭ್ಯದ ಸೇರ್ಪಡೆ ಅಥವಾ ಹಳೆಯದರ ತೆಗೆದುಹಾಕುವಿಕೆ. ಬಳಸುವವರಿಗೆ ಬೇಕಾಗಿರುವುದು ಮೊದಲನೆಯದು, ಅವರು ಅಂಜುವುದು ಎರಡನೆಯದಕ್ಕೆ. ಎರಡೂ ಒಂದೇ ಪೊಟ್ಟಣದಲ್ಲಿ ಬರುವುದೇ ಸಮಸ್ಯೆಯ ಮೂಲ.

ಪೊಟ್ಟಣಗಳು ಬರುವ ವೇಗವೂ ಹೆಚ್ಚಿದೆ. ಗೂಗಲ್ ಕ್ರೋಮ್ ಮೊದಲು ಆರು ವಾರಗಳಿಗೊಮ್ಮೆ ಹೊಸ ಆವೃತ್ತಿ ಬಿಡುಗಡೆ ಮಾಡುತ್ತಿತ್ತು. 2021ರಲ್ಲಿ ಅದು ನಾಲ್ಕು ವಾರಗಳಿಗೆ ಇಳಿಯಿತು. 2023ರ ಆಗಸ್ಟ್‌ನಿಂದ ಭದ್ರತೆಯ ದುರಸ್ತಿಗಳು ವಾರಕ್ಕೊಮ್ಮೆ ಬರತೊಡಗಿದವು. ಇದಕ್ಕೊಂದು ಕಾರಣವಿದೆ. ಕ್ರೋಮಿನ ಮೂಲ ಸಂಕೇತ ಬಹುಪಾಲು ಮುಕ್ತವಾಗಿರುವುದರಿಂದ, ದುರಸ್ತಿಯಾದ ಭಾಗವನ್ನು ನೋಡಿ ದೋಷ ಎಲ್ಲಿತ್ತು ಎಂಬುದನ್ನು ಕಳ್ಳರೂ ಕಂಡುಹಿಡಿಯಬಲ್ಲರು. ಹೀಗಾಗಿ ದುರಸ್ತಿ ಸಿದ್ಧವಾದ ಕ್ಷಣಕ್ಕೂ ಅದು ನಮ್ಮ ಯಂತ್ರವನ್ನು ತಲುಪುವ ಕ್ಷಣಕ್ಕೂ ನಡುವಿನ ಅವಧಿಯೇ ಹೆಚ್ಚು ಅಪಾಯದ್ದು. ನವೀಕರಣ ಪ್ರಕಟವಾದ ಮೇಲೂ ಹಾಕಿಕೊಳ್ಳದವರು ಆ ಅವಧಿಯನ್ನು ತಾವೇ ಹಿಗ್ಗಿಸಿಕೊಂಡಂತೆ.

3. ಸೌಲಭ್ಯ ಕಳೆದುಕೊಳ್ಳುವ ಭಯಕ್ಕಿರುವ ಆಧಾರ

ನವೀಕರಣದಿಂದ ಕೆಲಸ ನಿಂತುಹೋದ ಉದಾಹರಣೆಗಳು ಕಡಿಮೆಯಿಲ್ಲ. ಮುಖ್ಯವಾದ ಕೆಲವನ್ನು ಕಾಲಕ್ರಮದಲ್ಲಿ ನೋಡಬಹುದು.

ಒಂದು ಕಾಲದಲ್ಲಿ ಅಂಕೀಯ ಸಹಿಯನ್ನು ಬೇಡುತ್ತಿದ್ದ ಹಲವು ಸರ್ಕಾರಿ ಜಾಲತಾಣಗಳು ಬ್ರೌಸರಿನೊಳಗೆ ನಡೆಯುವ ಜಾವಾ ಎಂಬ ಪೂರಕ ತಂತ್ರಾಂಶವನ್ನು ಅವಲಂಬಿಸಿದ್ದವು. ಅಂಥ ಪೂರಕಗಳು ಕಳ್ಳರಿಗೆ ಸುಲಭದ ದಾರಿಯಾಗಿದ್ದುದರಿಂದ ಕ್ರೋಮ್ 2015ರಲ್ಲಿ ಅವುಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸಿತು. 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57ನೆಯ ಆವೃತ್ತಿಯಲ್ಲಿ ಹಳೆಯ ಮಾದರಿಯ ಎಕ್ಸ್‌ಟೆನ್ಷನ್‌ಗಳೆಲ್ಲವೂ ಕೆಲಸ ನಿಲ್ಲಿಸಿದವು.

ಶಾಲೆಗಳಿಗೆ ಹೆಚ್ಚು ತಟ್ಟಿದ್ದು ಫ್ಲ್ಯಾಶ್‌ನ ಅಂತ್ಯ. ಚಲಿಸುವ ಚಿತ್ರಗಳ ಪಾಠಗಳು, ಗಣಿತದ ಆಟಗಳು, ವಿಜ್ಞಾನದ ಪ್ರಾತ್ಯಕ್ಷಿಕೆಗಳು ವರ್ಷಗಟ್ಟಲೆ ಅದರಲ್ಲೇ ತಯಾರಾಗಿದ್ದವು. ಅಡೋಬ್ ಸಂಸ್ಥೆ 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿ, 2021ರ ಜನವರಿ 12ರಿಂದ ಅದು ನಡೆಯದಂತೆಯೇ ತಡೆಯಿತು. ತರುವಾಯ 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ನಿವೃತ್ತವಾಯಿತು. 2023ರ ಫೆಬ್ರವರಿ 14ರ ನವೀಕರಣ ವಿಂಡೋಸ್ 10ರ ಯಂತ್ರಗಳಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿತು. ಆ ಒಂದೇ ಬ್ರೌಸರಿಗಾಗಿ ರಚಿಸಿದ್ದ ತಾಣಗಳನ್ನು ಬಳಸುತ್ತಿದ್ದವರು ತೊಂದರೆಗೊಳಗಾದರು.

ಉದ್ದೇಶಪೂರ್ವಕ ಬದಲಾವಣೆಗಳಲ್ಲದೆ ತಯಾರಕರ ತಪ್ಪಿನಿಂದಲೂ ಕೆಲಸ ಕೆಡುವುದುಂಟು. 2019ರ ಮೇ ತಿಂಗಳ ಆರಂಭದಲ್ಲಿ ಫೈರ್‌ಫಾಕ್ಸ್‌ನ ಒಂದು ಪ್ರಮಾಣಪತ್ರದ ಅವಧಿ ಮುಗಿದುದನ್ನು ಯಾರೂ ಗಮನಿಸದೆ, ಜಗತ್ತಿನಾದ್ಯಂತ ಬಳಕೆದಾರರ ಎಕ್ಸ್‌ಟೆನ್ಷನ್‌ಗಳು ಏಕಾಏಕಿ ನಿಷ್ಕ್ರಿಯವಾದವು. ಅವುಗಳನ್ನು ಸರಿಪಡಿಸಿದ್ದು ತುರ್ತಾಗಿ ಬಿಡುಗಡೆಯಾದ ಮತ್ತೊಂದು ನವೀಕರಣವೇ.

ಇವುಗಳಲ್ಲಿ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ. ಜಾವಾ, ಫ್ಲ್ಯಾಶ್ ಮತ್ತು ಎಕ್ಸ್‌ಪ್ಲೋರರ್ ಈ ಮೂರರ ಅಂತ್ಯವನ್ನೂ ತಿಂಗಳುಗಳ ಅಥವಾ ವರ್ಷಗಳ ಮೊದಲೇ ಸಾರಲಾಗಿತ್ತು. ಫ್ಲ್ಯಾಶ್ ನಿಲ್ಲುವ ಸುದ್ದಿ ಹೊರಬಿದ್ದದ್ದು 2017ರ ಜುಲೈನಲ್ಲಿ, ಅಂದರೆ ಮೂರೂವರೆ ವರ್ಷ ಮುಂಚೆ. ಆ ಸುದ್ದಿ ತರಗತಿಯ ಕೋಣೆಯವರೆಗೆ ತಲುಪದೆ ಹೋದದ್ದೇ ನಷ್ಟಕ್ಕೆ ದೊಡ್ಡ ಕಾರಣವಾಯಿತು.

4. ನವೀಕರಣ ತಡೆಹಿಡಿದರೆ ಆಗುವ ನಷ್ಟ

ತಡೆಹಿಡಿಯುವುದರ ಪರಿಣಾಮಕ್ಕೆ ಪ್ರಸಿದ್ಧವಾದ ಉದಾಹರಣೆ 2017ರದು. ಅದು ಬ್ರೌಸರಿಗಿಂತ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಗೆ ಸಂಬಂಧಿಸಿದ್ದರೂ ತತ್ತ್ವ ಒಂದೇ. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ದೋಷಕ್ಕೆ ದುರಸ್ತಿಯನ್ನು ಪ್ರಕಟಿಸಿತು. ಮೇ 12ರಂದು ಅದೇ ದೋಷದ ಮೂಲಕ ‘ವಾನಾಕ್ರೈ’ ಎಂಬ ಕುತಂತ್ರಾಂಶ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಅದರಿಂದ ಸ್ಥಗಿತಗೊಂಡಿತು. ಎರಡು ತಿಂಗಳು ಮೊದಲೇ ಸಿಕ್ಕಿದ್ದ ದುರಸ್ತಿಯನ್ನು ಹಾಕಿಕೊಳ್ಳದ ಯಂತ್ರಗಳು ಅದಕ್ಕೆ ಬಲಿಯಾದವು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಅದೇ ಜೂನ್ ಕೊನೆಯಲ್ಲಿ ಬಂದ ‘ನಾಟ್‌ಪೆಟ್ಯಾ’ ಮಹಾರಾಷ್ಟ್ರವನ್ನೂ ತಟ್ಟಿತು. ಮುಂಬಯಿ ಸಮೀಪದ ಜವಾಹರಲಾಲ್ ನೆಹರು ಬಂದರಿನಲ್ಲಿ ಮಾರ್ಸ್ಕ್ ಸಮೂಹಕ್ಕೆ ಸೇರಿದ ಒಂದು ಟರ್ಮಿನಲ್ಲಿನ ಗಣಕ ವ್ಯವಸ್ಥೆ ನಿಂತು, ಸರಕಿನ ಲಾರಿಗಳು ಕಾಯಬೇಕಾಯಿತು. ಈ ಘಟನೆ ಎರಡೂ ಬದಿಯ ಪಾಠವನ್ನು ಕಲಿಸುತ್ತದೆ. ಆ ಕುತಂತ್ರಾಂಶ ಯಂತ್ರದಿಂದ ಯಂತ್ರಕ್ಕೆ ಹರಡಲು ಬಳಸಿದ ದಾರಿಗಳಲ್ಲಿ ಮಾರ್ಚ್‌ನಲ್ಲಿ ದುರಸ್ತಿಯಾಗಿದ್ದ ಆ ದೋಷವೂ ಒಂದು. ಆದರೆ ಅದು ಮೊದಲು ಹೊರಬಿದ್ದದ್ದು ಉಕ್ರೇನಿನ ಲೆಕ್ಕಪತ್ರದ ತಂತ್ರಾಂಶವೊಂದರ ನವೀಕರಣದಲ್ಲಿ ಅಡಗಿಕೊಂಡು. ನವೀಕರಣ ಬೇಕು, ಅದು ಎಲ್ಲಿಂದ ಬರುತ್ತದೆ ಎಂಬ ಪರಿಶೀಲನೆಯೂ ಬೇಕು.

ಶಾಲೆಯ ಯಂತ್ರದಲ್ಲಿ ಕದಿಯುವಂಥದ್ದು ಏನಿದೆ ಎಂದು ಕೆಲವರು ಕೇಳಬಹುದು. ಯು-ಡೈಸ್ ಪ್ಲಸ್ ಮತ್ತು ಸರಲ್ ವ್ಯವಸ್ಥೆಗಳಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ಪಾಲಕರ ವಿವರ ದಾಖಲಾಗಿರುತ್ತವೆ. ಶಿಷ್ಯವೇತನದ ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯಿರುತ್ತದೆ. ಮುಖ್ಯಾಧ್ಯಾಪಕರ ಒಂದು ಗುಪ್ತಪದ ಕೈತಪ್ಪಿದರೆ ಇಡೀ ಶಾಲೆಯ ಮಕ್ಕಳ ಮಾಹಿತಿ ಕೈತಪ್ಪುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ವಿಧಿಸಿದೆ. ಪಾಲಕರು ಆ ವಿವರಗಳನ್ನು ಶಾಲೆಯನ್ನು ನಂಬಿ ಕೊಟ್ಟಿರುತ್ತಾರೆ. ಸೋರಿಹೋದ ಜನ್ಮದಿನಾಂಕವನ್ನಾಗಲಿ ಪಾಲಕರ ಹೆಸರನ್ನಾಗಲಿ ಗುಪ್ತಪದದಂತೆ ಬದಲಿಸಲು ಸಾಧ್ಯವಿಲ್ಲ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ನವೀಕರಣ ನಿಲ್ಲಿಸಿದರೆ ಸೌಲಭ್ಯಗಳು ಇದ್ದಂತೆಯೇ ಉಳಿಯುತ್ತವೆ ಎಂಬುದು ಭ್ರಮೆ. ಸುರಕ್ಷಿತ ತಾಣಗಳನ್ನು ಗುರುತಿಸಲು ಬ್ರೌಸರ್ ಪ್ರಮಾಣಪತ್ರಗಳ ಪಟ್ಟಿಯೊಂದನ್ನು ಆಧರಿಸುತ್ತದೆ. ಆ ಪ್ರಮಾಣಪತ್ರಗಳಿಗೆ ಅವಧಿಯಿರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸ ಪಟ್ಟಿ ಪಡೆಯದ ಎಷ್ಟೋ ಹಳೆಯ ಯಂತ್ರಗಳಲ್ಲಿ, ನಿನ್ನೆಯವರೆಗೆ ತೆರೆಯುತ್ತಿದ್ದ ತಾಣಗಳು ತೆರೆಯದೆ ಹೋದವು. 2025ರ ಮಾರ್ಚ್ 14ರಂದು ಫೈರ್‌ಫಾಕ್ಸ್‌ನ ಮತ್ತೊಂದು ಪ್ರಮಾಣಪತ್ರ ಮುಗಿಯಲಿದ್ದುದರಿಂದ, 128ನೆಯ ಆವೃತ್ತಿಗಿಂತ ಹಳೆಯದನ್ನು ಬಳಸುವವರು ಅದಕ್ಕೆ ಮೊದಲೇ ನವೀಕರಿಸಿಕೊಳ್ಳಬೇಕೆಂದು ಮೊಜಿಲ್ಲಾ ಸಾರಿತು. ನವೀಕರಿಸಿದರೆ ಒಂದು ಸೌಲಭ್ಯ ಒಂದೇ ಸಲ ಹೋಗಬಹುದು. ನವೀಕರಿಸದಿದ್ದರೆ ಸೌಲಭ್ಯಗಳು ಒಂದೊಂದಾಗಿ, ಮುನ್ಸೂಚನೆಯಿಲ್ಲದೆ ಹೋಗುತ್ತವೆ.

5. ತೂಗುವ ಕ್ರಮ

ಮೇಲಿನ ಎರಡೂ ಬದಿಗಳನ್ನು ಅರಿತ ಮೇಲೆ ಶಿಕ್ಷಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಈ ಯಂತ್ರದಲ್ಲಿ ಯಾವ ಕೆಲಸ ನಡೆಯುತ್ತದೆ? ಬ್ಯಾಂಕು, ವೇತನ, ವಿದ್ಯಾರ್ಥಿಗಳ ಮಾಹಿತಿ, ಮಿಂಚಂಚೆ ಇವುಗಳಲ್ಲಿ ಒಂದಾದರೂ ನಡೆಯುವ ಯಂತ್ರದಲ್ಲಿ ಹಳೆಯ ಬ್ರೌಸರಿಗೆ ಎಡೆಯಿಲ್ಲ.

ಎರಡನೆಯದು: ಕಳೆದುಹೋಗಬಹುದಾದ ಸೌಲಭ್ಯ ಯಾವುದು, ಅದಕ್ಕೆ ಬೇರೆ ದಾರಿಯಿದೆಯೇ? ‘ಏನಾದರೂ ಕೆಟ್ಟೀತು’ ಎಂಬ ಅಸ್ಪಷ್ಟ ಭಯವನ್ನು ತೂಗಲಾಗದು. ‘ಇಂಥ ತಾಣದ ಇಂಥ ಅರ್ಜಿ’ ಎಂದು ಹೆಸರಿಸಿದರೆ ತೂಗಬಹುದು. ಹೆಸರಿಸಲು ಹೊರಟಾಗ ಪಟ್ಟಿ ಬಹಳ ಚಿಕ್ಕದಾಗಿರುವುದು ಕಂಡುಬರುತ್ತದೆ.

ಮೂರನೆಯದು: ಹಳೆಯ ಸೌಲಭ್ಯ ಬೇಕೇ ಬೇಕೆಂದಾದರೆ, ಅದನ್ನು ಉಳಿದ ಕೆಲಸಗಳಿಂದ ಬೇರ್ಪಡಿಸಬಹುದೇ? ಬಹುಪಾಲು ಸಂದರ್ಭಗಳಲ್ಲಿ ಉತ್ತರ ಇಲ್ಲಿಯೇ ದೊರಕುತ್ತದೆ.

ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಕಾರ್ಯಾಲಯದ ಗಣಕಯಂತ್ರ ಒಂದು, ತರಗತಿಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದ ಹಳೆಯ ಯಂತ್ರ ಒಂದು. ಇಯತ್ತೆ ನಾಲ್ಕನೆಯ ಮಕ್ಕಳಿಗೆ ತೋರಿಸುವ ಫ್ಲ್ಯಾಶ್ ಪಾಠಗಳು ಹಳೆಯ ಬ್ರೌಸರಿನಲ್ಲಿ ಮಾತ್ರ ನಡೆಯುತ್ತವೆ. ಈ ಕಾರಣಕ್ಕಾಗಿ ಎರಡೂ ಯಂತ್ರಗಳ ನವೀಕರಣವನ್ನು ನಿಲ್ಲಿಸಿದ್ದಾರೆ. ಮೂರು ಪ್ರಶ್ನೆಗಳನ್ನು ಅನ್ವಯಿಸಿದರೆ ಉತ್ತರ ಸ್ಪಷ್ಟ. ಕಾರ್ಯಾಲಯದ ಯಂತ್ರದಲ್ಲಿ ಮಕ್ಕಳ ಮಾಹಿತಿ ತುಂಬುವುದರಿಂದ ಅದನ್ನು ಕೂಡಲೇ ನವೀಕರಿಸಬೇಕು. ಫ್ಲ್ಯಾಶ್‌ಗೂ ಅದಕ್ಕೂ ಸಂಬಂಧವಿಲ್ಲ. ತರಗತಿಯ ಯಂತ್ರದಲ್ಲಿ ಪಾಠದ ಕಡತಗಳನ್ನು ಇಟ್ಟುಕೊಂಡು, ಅಂತರಜಾಲದ ಸಂಪರ್ಕವನ್ನು ತೆಗೆದುಬಿಡಬಹುದು. ಸಂಪರ್ಕವಿಲ್ಲದ ಯಂತ್ರದ ಹಳೆಯ ಬ್ರೌಸರಿನಿಂದ ಅಪಾಯ ಅತ್ಯಲ್ಪ. ಆದರೆ ಅದಕ್ಕೆ ಪೆನ್ ಡ್ರೈವ್ ಹಾಕುವ ಮೊದಲು ಪರಿಶೀಲಿಸಬೇಕು. ಜೊತೆಗೆ ‘ರಫಲ್’ ಎಂಬ ಮುಕ್ತ ತಂತ್ರಾಂಶ ಬಹಳಷ್ಟು ಫ್ಲ್ಯಾಶ್ ಕಡತಗಳನ್ನು ಹೊಸ ಬ್ರೌಸರಿನಲ್ಲಿಯೇ ತೋರಿಸಬಲ್ಲದು. ಅದರಲ್ಲಿಯೂ ನಡೆಯದ ಪಾಠಗಳನ್ನು, ಹಕ್ಕುಗಳಿಗೆ ಅಡ್ಡಿಯಿಲ್ಲದಿದ್ದರೆ, ವಿಡಿಯೋ ರೂಪದಲ್ಲಿ ದಾಖಲಿಸಿಕೊಳ್ಳಬಹುದು.

ಎಕ್ಸ್‌ಪ್ಲೋರರನ್ನೇ ಬೇಡುವ ಹಳೆಯ ತಾಣಕ್ಕೂ ಇಂಥದೇ ದಾರಿಯಿದೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನಲ್ಲಿ ‘ಐಇ ಮೋಡ್’ ಎಂಬ ವ್ಯವಸ್ಥೆಯನ್ನು ಇಟ್ಟಿದ್ದು, ಕನಿಷ್ಠ 2029ರವರೆಗೆ ಅದಕ್ಕೆ ಬೆಂಬಲ ನೀಡುವುದಾಗಿ ಮೈಕ್ರೋಸಾಫ್ಟ್ ತಿಳಿಸಿದೆ. ಆ ಒಂದು ತಾಣವನ್ನು ಮಾತ್ರ ಅದರಲ್ಲಿ ತೆರೆದು, ಉಳಿದೆಲ್ಲಕ್ಕೂ ಸಾಮಾನ್ಯ ಬ್ರೌಸರ್ ಬಳಸಬೇಕು.

ಪದೇ ಪದೇ ಬದಲಾಗುವ ರೂಪದಿಂದಲೇ ತೊಂದರೆಯಾಗುತ್ತಿದ್ದರೆ ಫೈರ್‌ಫಾಕ್ಸ್‌ನ ‘ಇಎಸ್‌ಆರ್’ ಎಂಬ ದೀರ್ಘಾವಧಿ ಆವೃತ್ತಿಯನ್ನು ಪರಿಗಣಿಸಬಹುದು. ಅದರಲ್ಲಿ ಸೌಲಭ್ಯಗಳ ದೊಡ್ಡ ಬದಲಾವಣೆ ಸುಮಾರು ವರ್ಷಕ್ಕೊಮ್ಮೆ ಮಾತ್ರ. ಭದ್ರತೆಯ ದುರಸ್ತಿಗಳು ನಿಯತವಾಗಿ ಬರುತ್ತಲೇ ಇರುತ್ತವೆ. ಒಂದೇ ಪೊಟ್ಟಣದಲ್ಲಿದ್ದ ದುರಸ್ತಿ ಮತ್ತು ಬದಲಾವಣೆಗಳನ್ನು ಆದಷ್ಟು ಬೇರ್ಪಡಿಸಿ ಕೊಡುವ ಏರ್ಪಾಡು ಇದು.

6. ಕನ್ನಡದ ಕಡತಗಳ ವಿಶೇಷ ಪ್ರಶ್ನೆ

ಕನ್ನಡ ಮಾಧ್ಯಮದ ಶಿಕ್ಷಕರಿಗೆ ಮಾತ್ರ ಎದುರಾಗುವ ಒಂದು ತೊಡಕಿದೆ. ಕನ್ನಡವು ಯುನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ, ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಆವರೆಗೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಲಾಗಿತ್ತು. ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಸಾಲು, ಕಣ್ಣಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀರುಗಳು ಕಾಣುತ್ತವೆ.

ಆ ಕಾಲದ ಕೆಲವು ಭಾರತೀಯ ಭಾಷೆಗಳ ತಾಣಗಳು ಫಾಂಟನ್ನು ಪುಟದೊಂದಿಗೇ ಕಳುಹಿಸುವ ಒಂದು ತಂತ್ರವನ್ನು ಬಳಸಿದವು. ಆ ಫಾಂಟಿನ ಮಾದರಿಯನ್ನು ಅರಿಯುತ್ತಿದ್ದುದು ಎಕ್ಸ್‌ಪ್ಲೋರರ್ ಒಂದೇ. ಹೊಸ ಬ್ರೌಸರಿನಲ್ಲಿ ಅಂಥ ಪುಟ ತೆರೆದು ಗೀರುಗಳನ್ನು ಕಂಡವರು, ಬ್ರೌಸರ್ ಕನ್ನಡವನ್ನು ಕೆಡಿಸಿತೆಂದು ತಿಳಿದು ಹಳೆಯದಕ್ಕೆ ಮರಳುವುದುಂಟು. ದೋಷವಿರುವುದು ಬರಹವನ್ನು ಉಳಿಸಿದ ರೀತಿಯಲ್ಲಿ. ಹೊಸ ಬ್ರೌಸರ್ ಅದನ್ನು ಬಯಲಿಗೆ ತಂದಿತು ಅಷ್ಟೆ.

ಇದರ ಪರಿಹಾರ ಹಳೆಯ ಬ್ರೌಸರನ್ನು ಕಾಪಾಡುವುದರಲ್ಲಿ ಇಲ್ಲ, ಬರಹವನ್ನು ಯುನಿಕೋಡಿಗೆ ಬದಲಾಯಿಸುವುದರಲ್ಲಿದೆ. ಶಾಲೆಯಲ್ಲಿ ಕೂಡಿಟ್ಟಿರುವ ಪ್ರಶ್ನಪತ್ರಿಕೆಗಳು, ಅಭ್ಯಾಸ ಹಾಳೆಗಳು, ಜಾನಪದ ಸಂಗ್ರಹಗಳು, ಸ್ನೇಹ ಸಮ್ಮೇಳನದ ನಾಟಕಗಳು ಹಳೆಯ ಫಾಂಟಿನಲ್ಲಿದ್ದರೆ, ಆ ಫಾಂಟು ಯಂತ್ರದಲ್ಲಿ ಇರುವಾಗಲೇ ಪರಿವರ್ತಿಸಿಕೊಳ್ಳಬೇಕು. ಇದಕ್ಕೆ ಪರಿವರ್ತಕಗಳು ದೊರೆಯುತ್ತವೆ. ಬರಹ ತಂತ್ರಾಂಶದ ಜೊತೆಯಲ್ಲಿಯೇ ಒಂದು ಬರುತ್ತದೆ. ಪರಿವರ್ತನೆಯ ನಂತರ ಒತ್ತಕ್ಷರಗಳು, ಅರ್ಕಾವೊತ್ತು ಮತ್ತು ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು, ತಪ್ಪುಗಳು ಸಾಮಾನ್ಯವಾಗಿ ಅಲ್ಲಿಯೇ ನುಸುಳುತ್ತವೆ. ಪರೀಕ್ಷೆ ಇನ್ನೂ ನಡೆಯದ ಪ್ರಶ್ನಪತ್ರಿಕೆಯನ್ನಾಗಲಿ ಮಕ್ಕಳ ಹೆಸರಿರುವ ಕಡತವನ್ನಾಗಲಿ ಅಪರಿಚಿತ ಜಾಲತಾಣದ ಪರಿವರ್ತಕಕ್ಕೆ ಒಪ್ಪಿಸಬಾರದು. ಅಂಥವನ್ನು ಯಂತ್ರದಲ್ಲಿಯೇ ಸ್ಥಾಪಿಸಿದ ತಂತ್ರಾಂಶದಿಂದ ಪರಿವರ್ತಿಸಬೇಕು.

ಗಡಿಭಾಗದಲ್ಲಿ ಈ ಕೆಲಸಕ್ಕೆ ಹೆಚ್ಚಿನ ಮಹತ್ತ್ವವಿದೆ. ಮರಾಠಿಯ ಸಾಮಗ್ರಿ ಕಳೆದರೆ ಪಕ್ಕದ ಶಾಲೆಯಲ್ಲಿ ಸಿಕ್ಕೀತು. ಇಲ್ಲಿನ ಶಿಕ್ಷಕರು ತಾವೇ ತಯಾರಿಸಿದ ಕನ್ನಡದ ಸಾಮಗ್ರಿ ಕಳೆದರೆ ಮತ್ತೆ ಸಿಗುವುದು ಕಷ್ಟ.

7. ಯಂತ್ರವೇ ಹಳೆಯದಾದಾಗ

ಬ್ರೌಸರ್ ನವೀಕರಿಸಲು ಮನಸ್ಸಿದ್ದರೂ ಯಂತ್ರ ಒಪ್ಪದ ಸಂದರ್ಭಗಳಿವೆ. ವಿಂಡೋಸ್ 7 ಬಳಸುವವರಿಗೆ ಕ್ರೋಮಿನ ಕೊನೆಯ ಆವೃತ್ತಿ 2023ರ ಜನವರಿಯಲ್ಲಿ ಬಂದ 109ನೆಯದು. ಫೈರ್‌ಫಾಕ್ಸ್‌ನ 115ನೆಯ ಇಎಸ್‌ಆರ್ ಆವೃತ್ತಿಗೆ ಆ ಯಂತ್ರಗಳಿಗಾಗಿಯೇ ಗಡುವನ್ನು ಹಲವು ಬಾರಿ ವಿಸ್ತರಿಸಲಾಯಿತು; ಅದೂ ತಾತ್ಕಾಲಿಕ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಬ್ರೌಸರ್ ಹೊಸದಾಗಿದ್ದು ಕೆಳಗಿನ ವ್ಯವಸ್ಥೆ ಹಳೆಯದಾಗಿದ್ದರೆ ರಕ್ಷಣೆ ಅರ್ಧವೇ. ಮೊಬೈಲಿಗೂ ಇದೇ ಮಾತು: ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್ 138ನೆಯ ಆವೃತ್ತಿಯೇ ಕೊನೆಯದು.

ಇಂಥ ಯಂತ್ರಗಳಿಗೆ ಹೊಸ ಜೀವ ಕೊಡುವ ಒಂದು ದಾರಿ ಲಿನಕ್ಸ್. ಇದರ ಸಾಮೂಹಿಕ ಬಳಕೆಗೆ ಮಾದರಿ ಇನ್ನೊಂದು ಗಡಿಯಲ್ಲಿದೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಸಂಸ್ಥೆಯಾಗಿ ರೂಪುಗೊಂಡ ಶಾಲಾ ಮಾಹಿತಿ ತಂತ್ರಜ್ಞಾನ ಯೋಜನೆಯು, ಶಾಲೆಗಳಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿದ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ತಾನೇ ಸಿದ್ಧಪಡಿಸಿ ಹಂಚುತ್ತದೆ. ಅಲ್ಲಿ ತಂತ್ರಾಂಶದ ಆಯ್ಕೆ ಮತ್ತು ಜೋಡಣೆಯ ಹೊರೆ ಒಂಟಿ ಶಿಕ್ಷಕರ ಹೆಗಲ ಮೇಲೆ ಬೀಳುವುದಿಲ್ಲ. ತೂಗಿ ನೋಡುವ ಕೆಲಸವನ್ನು ಒಂದು ಕಡೆ ಮಾಡಿ ಎಲ್ಲರಿಗೂ ಫಲ ಹಂಚುವ ಈ ಕ್ರಮವನ್ನು ನಮ್ಮಲ್ಲಿ ಕೇಂದ್ರ ಮಟ್ಟದಲ್ಲಿಯೂ ಅಳವಡಿಸಬಹುದು. ಕೇಂದ್ರದ ಒಂದು ಶಾಲೆ ಮೊದಲು ನವೀಕರಿಸಿ, ಎಲ್ಲರೂ ಬಳಸುವ ತಾಣಗಳನ್ನು ತೆರೆದು ನೋಡಿ, ಫಲವನ್ನು ಕೇಂದ್ರ ಪ್ರಮುಖರ ಮೂಲಕ ಉಳಿದ ಶಾಲೆಗಳಿಗೆ ತಿಳಿಸಿದರೆ ಸಾಕು.

8. ಶಾಲೆಯಲ್ಲಿ ಅನುಸರಿಸಬೇಕಾದ ನಿಯಮಗಳು

(1) ಸ್ವಯಂಚಾಲಿತ ನವೀಕರಣವನ್ನು ನಿಲ್ಲಿಸಬಾರದು. ಬ್ರೌಸರ್ ಹಿನ್ನೆಲೆಯಲ್ಲಿ ನವೀಕರಣವನ್ನು ತರಿಸಿಕೊಂಡರೂ, ಅದನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದಾಗ ಮಾತ್ರ ಅದು ಜಾರಿಯಾಗುತ್ತದೆ. ಆದ್ದರಿಂದ ದಿನದ ಕೊನೆಗೆ ಬ್ರೌಸರನ್ನು ಮುಚ್ಚುವ ರೂಢಿ ಇರಬೇಕು.

(2) ಆವೃತ್ತಿಯನ್ನು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಮೇಲಿನ ಬಲಮೂಲೆಯ ಪಟ್ಟಿಯಲ್ಲಿರುವ ‘ಸಹಾಯ’ದ ಅಡಿಯಲ್ಲಿ ಬ್ರೌಸರಿನ ಕುರಿತಾದ ಪುಟ ತೆರೆದರೆ, ಅದು ತಾನೇ ಪರೀಕ್ಷಿಸಿ ತಿಳಿಸುತ್ತದೆ. ಮೊಬೈಲಿನಲ್ಲಿ ಪ್ಲೇ ಸ್ಟೋರ್ ಮೂಲಕ ಮಾತ್ರ ನವೀಕರಿಸಬೇಕು.

(3) ಜಾಲಪುಟದ ನಡುವೆ ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂದು ಕಾಣಿಸಿಕೊಂಡರೆ ಒತ್ತಬಾರದು. ಕುತಂತ್ರಾಂಶ ಹರಡಲು ಬಹಳವಾಗಿ ಬಳಕೆಯಾಗುವ ಮೋಸ ಇದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ನವೀಕರಣದ ಕಡತಗಳನ್ನೂ ತೆರೆಯಬಾರದು.

(4) ಮಾಹಿತಿ ತುಂಬುವ ಕೊನೆಯ ದಿನ ಅಥವಾ ಆನ್‌ಲೈನ್ ಪರೀಕ್ಷೆಯ ಬೆಳಗ್ಗೆ ದೊಡ್ಡ ನವೀಕರಣಕ್ಕೆ ಕೈಹಾಕುವುದು ಬೇಡ. ಕೆಲಸ ಮುಗಿದ ಸಂಜೆಯೇ ಮಾಡಿ ಮುಗಿಸಬೇಕು. ದೋಷವನ್ನು ಕಳ್ಳರು ಈಗಾಗಲೇ ಬಳಸುತ್ತಿದ್ದಾರೆಂದು ಎಚ್ಚರಿಕೆ ಬಂದಿದ್ದರೆ ಸಂಜೆಯವರೆಗೂ ಕಾಯಬಾರದು. ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆಯು 2004ರಿಂದ ಕೆಲಸ ಮಾಡುತ್ತಿದ್ದು, ಬ್ರೌಸರುಗಳ ದೋಷಗಳ ಕುರಿತು ಸೂಚನೆಗಳನ್ನು ತನ್ನ ತಾಣದಲ್ಲಿ ಪ್ರಕಟಿಸುತ್ತದೆ.

(5) ಯಂತ್ರದಲ್ಲಿ ಎರಡು ಬ್ರೌಸರುಗಳಿರಲಿ, ಎರಡೂ ನವೀಕೃತವಾಗಿರಲಿ. ಒಂದರಲ್ಲಿ ತಾಣ ತೆರೆಯದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಬಹುದು. ಹಳೆಯ ಆವೃತ್ತಿಗೆ ಹಿಂದಿರುಗುವ ಯೋಚನೆ ಮಾಡುವ ಮೊದಲು ಈ ಸುಲಭದ ಉಪಾಯವನ್ನು ನೋಡಬೇಕು.

(6) ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಬೇಕು. ನವೀಕರಣದ ನಂತರ ಕೆಡುವ ಕೆಲಸಗಳಲ್ಲಿ ಹಲವು ಅವುಗಳಿಂದಲೇ ಕೆಡುತ್ತವೆ.

(7) ನವೀಕರಣದ ನಂತರ ಸರ್ಕಾರಿ ತಾಣವೊಂದು ಕೆಲಸ ಮಾಡದಿದ್ದರೆ, ಬ್ರೌಸರಿನ ಹೆಸರು, ಆವೃತ್ತಿ ಮತ್ತು ಕಾಣಿಸಿದ ಸಂದೇಶವನ್ನು ಬರೆದು ಗಟ ಶಿಕ್ಷಣಾಧಿಕಾರಿಗಳ ಕಾರ್ಯಾಲಯಕ್ಕೆ ತಿಳಿಸಬೇಕು. ತಾಣವನ್ನು ಸರಿಪಡಿಸುವುದು ತಾಣದವರ ಹೊಣೆ. ಶಿಕ್ಷಕರು ತಮ್ಮ ಯಂತ್ರವನ್ನು ಅಸುರಕ್ಷಿತಗೊಳಿಸಿಕೊಂಡು ಆ ಹೊಣೆಯನ್ನು ತಾವೇ ಹೊರುವುದು ಸರಿಯಲ್ಲ.

(8) ಹಣದ ಮೋಸ ನಡೆದಿದೆ ಎಂದು ಅನುಮಾನ ಬಂದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

9. ಉಪಸಂಹಾರ

ನವೀಕರಣವನ್ನು ತಡೆಯುವುದರಿಂದ ಸೌಲಭ್ಯ ಉಳಿಯುವುದಿಲ್ಲ, ಅದರ ಅಂತ್ಯ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಆ ಅವಧಿಯ ಅಪಾಯವನ್ನು ಮಕ್ಕಳು ಮತ್ತು ಪಾಲಕರು ತಮಗರಿವಿಲ್ಲದೆ ಹೊರುತ್ತಾರೆ. ಸೌಲಭ್ಯ ಉಳಿಯಬೇಕಾದರೆ ಪಾಠವನ್ನು ಫ್ಲ್ಯಾಶ್‌ನಿಂದ, ಕನ್ನಡವನ್ನು ಹಳೆಯ ಫಾಂಟಿನಿಂದ, ಅರ್ಜಿಯನ್ನು ಒಂದೇ ಬ್ರೌಸರಿನ ಹಂಗಿನಿಂದ ಬಿಡಿಸಿಕೊಳ್ಳಬೇಕು. ಇದನ್ನು ಬಿಡುವಿನ ದಿನಗಳಲ್ಲಿ, ಒಂದೊಂದಾಗಿ ಮಾಡಬಹುದು. ಹಾಗೆ ಬಿಡಿಸಿಕೊಂಡ ಶಾಲೆಯಲ್ಲಿ ನವೀಕರಣದ ಸೂಚನೆ ಬಂದಾಗ ‘ನಂತರ’ ಎಂಬ ಗುಂಡಿಯನ್ನು ಹುಡುಕುವ ಅಗತ್ಯ ಬೀಳುವುದಿಲ್ಲ.

ಸ್ವಾಧ್ಯಾಯ

(ಅ) ನವೀಕರಣದ ಪೊಟ್ಟಣದಲ್ಲಿರುವ ಎರಡು ಬಗೆಯ ವಸ್ತುಗಳು ಯಾವುವು? ಅವು ಒಟ್ಟಿಗೆ ಬರುವುದರಿಂದ ಆಗುವ ತೊಡಕೇನು?

(ಆ) ನವೀಕರಿಸದ ಬ್ರೌಸರಿನಲ್ಲಿಯೂ ಸೌಲಭ್ಯಗಳು ಕಳೆದುಹೋಗುವುದಕ್ಕೆ ಕಾರಣವನ್ನು ಉದಾಹರಣೆಯೊಂದಿಗೆ ವಿವರಿಸಿರಿ.

(ಇ) ಹಳೆಯ ಫಾಂಟಿನ ಕನ್ನಡ ಕಡತ ಬೇರೆ ಯಂತ್ರದಲ್ಲಿ ಗೀರುಗಳಾಗಿ ಕಾಣುವುದು ಏಕೆ?

ಉಪಕ್ರಮ

ತಮ್ಮ ಶಾಲೆಯ ಪ್ರತಿ ಯಂತ್ರ ಮತ್ತು ಮೊಬೈಲಿನ ಬ್ರೌಸರ್, ಆವೃತ್ತಿ, ಅದರಲ್ಲಿ ನಡೆಯುವ ಕೆಲಸ, ಹಳೆಯ ತಂತ್ರವನ್ನು ಅವಲಂಬಿಸಿದ ಸಾಮಗ್ರಿ ಇವುಗಳ ನಾಲ್ಕು ಕಾಲಮಿನ ಪಟ್ಟಿಯನ್ನು ತಯಾರಿಸಿರಿ. ಐದನೆಯ ಪ್ರಶ್ನೆಯಾಗಿ, ಅವುಗಳಲ್ಲಿ ಮೊದಲು ಪರಿವರ್ತಿಸಬೇಕಾದ ಒಂದನ್ನು ಗುರುತಿಸಿ, ಅದನ್ನು ಪೂರ್ಣಗೊಳಿಸುವ ದಿನಾಂಕವನ್ನು ಎದುರಿಗೆ ಬರೆಯಿರಿ. ಮುಂದಿನ ಕೇಂದ್ರ ಸಭೆಯಲ್ಲಿ ಈ ಪಟ್ಟಿಯ ಕುರಿತು ಚರ್ಚಿಸಿರಿ.